ಬಿಸಿಲಿನಲ್ಲಿ ಮೈದುಂಬುವ ಅಬ್ಬಿ

ಮಲೆನಾಡಿನಲ್ಲಿ ಹುಟ್ಟಿದವರ ಲೆಕ್ಕದಲ್ಲಿ ಅಬ್ಬಿ, ಎಂದರೆ ಜಲಪಾತ, ತುಂಬಬೇಕಾದರೆ ಆಕಾಶ ಕಪ್ಪಿಟ್ಟಿರಬೇಕು, ಹಳ್ಳದ ನೀರು ಕೆಂಪಾಗಿರಬೇಕು, ಕಾಲಿಗೆ ಇಂಬಳ ಹತ್ತಿರಬೇಕು. ಕ್ಯಾಲಿಫೋರ್ನಿಯಕ್ಕೆ ಬಂದು ಹನ್ನೊಂದು ವರ್ಷವಾಗಿದ್ದರೂ, ಅಲ್ಲಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ವರ್ನಲ್ ಜಲಪಾತ ಮೇ ತಿಂಗಳ ಬಿಸಿಲಿನಲ್ಲಿ, ಒಂದು ತುಂಡು ಮೋಡವೂ ಇಲ್ಲದ ಆಕಾಶದ ಕೆಳಗೆ ಭೋರ್ಗರೆಯುವುದನ್ನು ಕಂಡಾಗ ನನಗೆ ಏನೋ ಲೆಕ್ಕ ತಪ್ಪಿದಂತೆ ಅನಿಸುತ್ತದೆ. ಸಿಯೆರಾ ನೆವಾಡ ಪರ್ವತಗಳ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ ಮೇ, ಜೂನ್ ತಿಂಗಳಲ್ಲಿ ಕರಗಿ ಈ ಜಲಪಾತವಿರುವ ಮರ್ಸೆಡ್ ನದಿಗೆ ಇಳಿಯುವುದರಿಂದ ಅಲ್ಲಿ ಬಿಸಿಲೇರಿದಷ್ಟೂ ನೀರು ಹೆಚ್ಚು.

ಕಳೆದ ವರ್ಷ ಊರಿನಿಂದ ಬಂದಿದ್ದ ಅಪ್ಪಯ್ಯನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹ್ಯಾಪಿ ಐಲ್ಸ್ ಎಂಬಲ್ಲಿಂದ ಹೊರಟರೆ ಸುಮಾರು 1.3 ಕಿಲೋಮೀಟರಿಗೆ ನದಿಯ ಮೇಲೊಂದು ಕಾಲುಸೇತುವೆ ಸಿಗುತ್ತದೆ. ಅದನ್ನು ದಾಟಿದ ಮೇಲೆ ಮಿಸ್ಟ್ ಟ್ರೇಲ್ ಎಂಬ ದಾರಿ ನೀರಿನ ಮಗ್ಗುಲಲ್ಲೇ ಸಾಗಿ, ಕಗ್ಗಲ್ಲಿನ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನೇರಿ 317 ಅಡಿ ಎತ್ತರದ ಜಲಪಾತದ ನೆತ್ತಿಗೆ ಮುಟ್ಟಿಸುತ್ತದೆ. ಮಳೆಕೋಟು ಹಾಕಿಕೊಳ್ಳಿ ಎಂದರೆ ಅಪ್ಪಯ್ಯ ಬಿಸಿಲನ್ನು ನೋಡಿ ನಕ್ಕರು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ತುಂತುರಿಗೆ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಕನ್ನಡಕ ಜೇಬು ಸೇರಿತ್ತು. ಮೆಟ್ಟಿಲ ಕೆಳಗೆ ಬಿದ್ದಿದ್ದ ಕಾಮನಬಿಲ್ಲಿನತ್ತ ನಾನು ಕೈ ತೋರಿಸಿದರೆ, ಅವರು ಬಗ್ಗಿ ಮೆಟ್ಟಿಲಿನ ಮೇಲೆ ಹಾವಸೆ ಕಟ್ಟಿದೆಯೇ ಎಂದು ಬೆರಳಿನಿಂದ ಉಜ್ಜಿ ನೋಡುತ್ತಿದ್ದರು.

ಅವರ ಗಮನ ಹೆಚ್ಚಾಗಿ ನಿಂತದ್ದು ಎಚ್ಚರಿಕೆಯ ಫಲಕದ ಮೇಲೆ. ಕಾಲು ಜಾರಿ ಜಲಪಾತದಿಂದ ಕೆಳಗೆ ಹೋದರೆ ನೀವು ಸಾಯುತ್ತೀರಿ ಎಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದೆ. ನಮ್ಮಲ್ಲಿ 'ಅಪಾಯಕಾರಿ ಸ್ಥಳ, ಪ್ರವೇಶ ನಿಷೇಧಿಸಲಾಗಿದೆ' ಎಂದು ಬರೆಯುತ್ತಾರೆ. ಅಪಾಯ ಯಾವುದು, ಯಾವಾಗ, ಎಲ್ಲಿಂದ ಬರುತ್ತದೆ ಎಂಬುದನ್ನು ಓದುವವನು ಊಹಿಸಿಕೊಳ್ಳಬೇಕು. ಹಾಗೆಂದು ಅಮೆರಿಕದವರ ಫಲಕ ಎಲ್ಲರನ್ನೂ ಕಾಯುತ್ತದೆಂದು ನಾನು ಹೇಳಲಾರೆ. 2011ರ ಜುಲೈನಲ್ಲಿ ಇದೇ ನೆತ್ತಿಯಲ್ಲಿ ಕಂಬಿ ದಾಟಿ ನೀರಿಗಿಳಿದ ಮೂವರು ಕೊಚ್ಚಿಹೋದರು. ಕೊಲ್ಲೂರಿನ ಹತ್ತಿರದ ಅರಿಶಿನಗುಂಡಿಯಲ್ಲಿ 2023ರ ಜುಲೈನಲ್ಲಿ ಯುವಕನೊಬ್ಬ ಬಂಡೆಯಿಂದ ಜಾರಿ ಹೋದದ್ದನ್ನು ಮೊಬೈಲಿನಲ್ಲಿ ನಾವೆಲ್ಲ ನೋಡಿದ್ದೇವೆ.

ಆದರೂ ಎರಡೂ ಕಡೆಯ ನೀರಿನ ಸ್ವಭಾವ ಒಂದೇ ಅಲ್ಲ. ಹಿಮ ಕರಗಿದ ನೀರು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಹೇಳಿದ ಮಾತು ಕೇಳುವ ನೀರು. ಘಟ್ಟದ ಹಳ್ಳವಾದರೋ, ನಾವು ನಿಂತಲ್ಲಿ ಹನಿ ಬೀಳದಿದ್ದರೂ ಮೇಲಿನ ಕಾಡಿನಲ್ಲಿ ಸುರಿದ ಮಳೆಗೆ ನಿಮಿಷಗಳಲ್ಲಿ ಉಕ್ಕಿ ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ನಮ್ಮ ಅರಣ್ಯ ಇಲಾಖೆ ದಾರಿ ಮುಚ್ಚುವುದನ್ನು ದೂರದಲ್ಲಿ ಕೂತು ಹಂಗಿಸುವ ಅನಿವಾಸಿಗಳ ಜೊತೆ ನಾನು ಸೇರಲಾರೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದ್ದೂ ಸರಿಯೇ. ನನ್ನ ತಕರಾರು ಇರುವುದು, ಟಿಕೆಟ್ಟು ಕೊಡುವಾಗ ಆ ಹಳ್ಳದ ಗುಣವನ್ನು ಯಾರೂ ಹೇಳದಿರುವುದರ ಬಗ್ಗೆ. ಅದನ್ನು ಬಲ್ಲವರು ಪ್ರತಿ ಅಬ್ಬಿಯ ಬುಡದ ಮನೆಗಳಲ್ಲೇ ಇದ್ದಾರೆ, ಅವರನ್ನು ಕೇಳಿ ಒಂದು ಫಲಕ ಬರೆಸಲು ದೊಡ್ಡ ಖರ್ಚೇನೂ ಇಲ್ಲ.

ಒದ್ದೆ ಮೆಟ್ಟಿಲುಗಳಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾದ್ದರಿಂದ ನಾವು ಬಳಸುದಾರಿಯಾದ ಜಾನ್ ಮ್ಯೂರ್ ಟ್ರೇಲಿನಲ್ಲಿ ನಿಧಾನವಾಗಿ ಇಳಿದೆವು. ಕೊಡಚಾದ್ರಿಯ ತಪ್ಪಲಿನ ಹಿಡ್ಲುಮನೆ ಅಬ್ಬಿಯ ಪಕ್ಕದ ಬಂಡೆಗಳನ್ನು ಅಪ್ಪಯ್ಯ ಹುಡುಗನಾಗಿದ್ದಾಗಿನಿಂದ ಹತ್ತಿದವರು. ಅಲ್ಲಿಗೊಂದು ಬೋರ್ಡು ಬರೆಯುವುದಾದರೆ ಏನು ಬರೆಸುತ್ತೀರಿ ಎಂದು ಕೇಳಿದೆ.

"ನೀರು ಕೆಂಪಾದರೆ ಹತ್ತಬೇಡಿ ಅಂತ ಬರೆಸು," ಎಂದರು. ಸೇತುವೆಯ ಹತ್ತಿರ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಿರುವಾಗ, ತರಗೆಲೆ ಗುಂಪಾಗಿ ತೇಲಿ ಬಂದರೂ ಎದ್ದು ಹೊರಡಬೇಕು, ಅದನ್ನೂ ಸೇರಿಸು ಎಂದರು.