ಸವೆದ ಕೊಂಡಿಯ ಲೆಕ್ಕ

ಅಮ್ಮ ಕೊಟ್ಟ ಎರಡೆಳೆ ಸರ ಹುಕ್ಕಿನ ಹತ್ತಿರ ಕಿತ್ತುಹೋಗಿತ್ತು. ರಿಪೇರಿಗೆ ಕೊಟ್ಟು ಮೂರು ವಾರ ಆದ ಮೇಲೆ ತರಲು ಹೋದೆ. ಅಂಗಡಿಯಾಕೆ ಸರದ ಜೊತೆಗೆ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ಮುಂದಿಟ್ಟಳು. ಒಳಗೆ ಎರಡು ಹಳೇ ಕೊಂಡಿ. ಒಂದು ಪಕ್ಕ ದಪ್ಪ ಉಳಿದಿದೆ, ಇನ್ನೊಂದು ಪಕ್ಕ ಕೂದಲಷ್ಟು ತೆಳು. ಪೊಟ್ಟಣದ ಮೇಲೆ ಪೆನ್ನಿನಲ್ಲಿ 0.11 ಗ್ರಾಂ ಅಂತ ಬರೆದಿತ್ತು. 'ಇದು ನಿಮ್ಮದು' ಅಂದಳು, ಅಷ್ಟೇ.

ಕೇಳದೆ ಯಾರಾದರೂ ನನಗೆ ಚಿನ್ನ ವಾಪಸ್ ಕೊಟ್ಟಿದ್ದು ಅದೇ ಮೊದಲು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಮೊದಲು ಹೋದ ಅಂಗಡಿಯವರು 22 ಕ್ಯಾರೆಟ್ ಅಂದ ಕೂಡಲೇ ಕೈ ಎತ್ತಿದರು. ಇಲ್ಲಿ ಓಡಾಡುವುದೆಲ್ಲ 333, 585, ಹೆಚ್ಚೆಂದರೆ 750ರ ಮುದ್ರೆಯ ಚಿನ್ನ, ಅಂದರೆ ಸಾವಿರ ಪಾಲಿನಲ್ಲಿ ಅಷ್ಟು ಪಾಲು ಮಾತ್ರ ಚಿನ್ನ. ನಮ್ಮ 22 ಕ್ಯಾರೆಟ್, ಅಂದರೆ 916, ಅವರಿಗೆ ಅಪರೂಪ. ಹತ್ತಿರದ ಫೋರ್ಟ್ಸ್‌ಹೈಮ್‌ಗೆ ಹೋಗಿ ಅಂದರು. ಅದು ಹಳೇ ಚಿನ್ನದ ಊರು. 1767ರಲ್ಲಿ ಅಲ್ಲಿನ ದೊರೆ ಕಾರ್ಲ್ ಫ್ರೀಡ್ರಿಶ್ ಅನಾಥಾಲಯದಲ್ಲೇ ಗಡಿಯಾರ, ಒಡವೆ ಮಾಡುವ ಕೆಲಸ ಶುರು ಮಾಡಿಸಿದನಂತೆ. ಊರಿಗೆ ಊರೇ ಆ ಕಸುಬು ಹಿಡಿಯಿತು. ಹೋದೆ. ಸರ ತೂಗಿದರು, ಚೀಟಿ ಬರೆದರು, ಲಕೋಟೆಗೆ ಹಾಕಿದರು, ಕಳಿಸಿದರು. ಕೆಲಸ ಮಾಡುವವನ ಮುಖವನ್ನೂ ನಾನು ನೋಡಲಿಲ್ಲ. ರೈಲಿನಲ್ಲಿ ವಾಪಸ್ ಬರುವಾಗ ಹೊಟ್ಟೆಯೊಳಗೆ ಒಂಥರಾ ಆಗುತ್ತಿತ್ತು. ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಬಿಟ್ಟು ಬಂದ್ಯಾ?'

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರ. ಅಲ್ಲಿ ಸರ ಬಿಟ್ಟು ಬರುವ ಮಾತೇ ಇಲ್ಲ. ರಿಪೇರಿಗೆ ಇಬ್ಬರು ಹೋಗಬೇಕು. ಒಬ್ಬರು ಮಾತಿಗೆ, ಇನ್ನೊಬ್ಬರು ಕಾವಲಿಗೆ. ಸರ ಮೊದಲು ತಕ್ಕಡಿಗೆ. ಆಮೇಲೆ ಬೆಂಚಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುವುದು. ಆಚಾರ್ರು, ಅಂದರೆ ನಮ್ಮ ಅಕ್ಕಸಾಲಿಗರು, ಕಿತ್ತುಹೋದ ಕೊಂಡಿಯ ಎರಡು ತುದಿ ಕೂಡಿಸುತ್ತಾರೆ. ಬಿಳಿಗಾರ ಹಚ್ಚುತ್ತಾರೆ. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಬೆಸುಗೆ ಚೂರನ್ನು ಚಿಮಟದಲ್ಲಿ ಹಿಡಿದು ಸಂದಿಯ ಮೇಲೆ ಕೂರಿಸುತ್ತಾರೆ. ಊದುಗೊಳವೆ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಉರಿಯನ್ನು ಆ ಒಂದೇ ಕೊಂಡಿಯ ಕಡೆ ಬಾಗಿಸುತ್ತಾರೆ. ಚೂರು ಕರಗಿ ಸಂದಿಯೊಳಗೆ ಓಡುವಾಗ ಫಳ್ ಅಂತ ಹೊಳೆಯುತ್ತದೆ. ತಕ್ಷಣ ಬೆಂಕಿ ಹಿಂದಕ್ಕೆ. ಅರೆಗಳಿಗೆ ತಡವಾದರೂ ಪಕ್ಕದ ಕೊಂಡಿಯೂ ಅಂಟಿಕೊಂಡು, ಸರ ಅಲ್ಲೇ ಕಡ್ಡಿಯ ಹಾಗೆ ಸೆಟೆದು ನಿಲ್ಲುತ್ತದೆ. ಎಂಥ ಕೈ ಅವರದು! ಆದರೆ ನಮ್ಮ ಕಣ್ಣು ಆ ಕೈಚಳಕದ ಮೇಲೆ ಇರುವುದಿಲ್ಲ. ಅರ ಉಜ್ಜಿದಾಗ ಪುಡಿ ಎಲ್ಲಿ ಬಿತ್ತು ಅನ್ನುವುದರ ಮೇಲೇ ಇರುತ್ತದೆ.

ಅದರ ಮೇಲೆ 'ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ' ಅಂತ ಗಾದೆ ಬೇರೆ ಕಟ್ಟಿಟ್ಟಿದ್ದೇವೆ. ಎದುರಿಗೆ ಕೂತು ದುಡಿಯುವ ಮನುಷ್ಯನಿಗೆ ಆ ಗಾದೆ ಗೊತ್ತಿಲ್ವಾ? ಕಳ್ಳ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ಅವನಿಂದ ನಿಯತ್ತು ಬಯಸುತ್ತೇವೆ.

ಇಷ್ಟೆಲ್ಲಾ ಕಾವಲು ಕೂತು ನಮಗೆ ಕಾಣುವುದಾದರೂ ಏನು? ಬೆಸುಗೆ ಚೂರಿನಲ್ಲಿ ಚಿನ್ನ ಎಷ್ಟಿದೆ ಅಂತ ಯಾರ ಕಣ್ಣಿಗೂ ಕಾಣುವುದಿಲ್ಲ. ಬೆಸುಗೆ ಸರಕ್ಕಿಂತ ಬೇಗ ಕರಗಬೇಕು, ಇಲ್ಲದಿದ್ದರೆ ಸರವೇ ಕರಗಿ ಹೋಗುತ್ತದೆ. ಬೇಗ ಕರಗಬೇಕೆಂದರೆ ತಾಮ್ರ, ಬೆಳ್ಳಿ ಜಾಸ್ತಿ ಬೆರೆಸಬೇಕು. ಅಲ್ಲಿಗೆ ಬೆಸುಗೆ ಬಿದ್ದ ಜಾಗದಲ್ಲಿ ಚಿನ್ನದ ಮಟ್ಟ ಇಳಿಯಿತು. ಇದನ್ನು ತಪ್ಪಿಸಲು ಬಂದದ್ದೇ ಕೆಡಿಎಂ, ಅಂದರೆ 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಮಟ್ಟವೇನೋ ಉಳಿಯಿತು. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೂ ಕಿಡ್ನಿಗೂ ವಿಷ. ಹೋಗುವುದು ನೇರ ಊದುತ್ತಾ ಕೂತವರ ಎದೆಗೆ. ಚಿನ್ನದ ಮಟ್ಟಕ್ಕೆ ಮುದ್ರೆ ಒತ್ತುವ ಹಾಲ್‌ಮಾರ್ಕಿನ ನಿಯಮ ಅದನ್ನು ಬೇಡ ಅನ್ನುತ್ತದೆ. ನಮ್ಮ ಕಡೆ ಮಾತ್ರ 'ಕೆಡಿಎಂ ಚಿನ್ನ' ಅಂತ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ.

ಹಾಲ್‌ಮಾರ್ಕ್ ಬಂದಿದೆಯಲ್ಲ ಅನ್ನಬಹುದು. 2021ರಿಂದ ಹಂತಹಂತವಾಗಿ ಕಡ್ಡಾಯ ಆಯಿತು, 2023ರ ಏಪ್ರಿಲ್‌ನಿಂದ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯದೇ ಗುರುತಿನ ನಂಬರೂ ಬೇಕು. ಒಳ್ಳೆಯದೇ. ಆದರೆ ಅದೆಲ್ಲ ಮಾರುವ ಒಡವೆಗೆ. ರಿಪೇರಿಯ ಬೆಸುಗೆಗೆ ಯಾರು ಮುದ್ರೆ ಒತ್ತುತ್ತಾರೆ? ಇಲ್ಲಿ ಜರ್ಮನಿಯಲ್ಲಿ ನೋಡಿದರೆ ಸರ್ಕಾರದವರು ಪ್ರತಿ ಒಡವೆ ಪರೀಕ್ಷೆ ಮಾಡಿ ಮುದ್ರೆ ಹಾಕುವ ಪದ್ಧತಿಯೇ ಇಲ್ಲ. 1884ರ ಕಾನೂನಿನ ಪ್ರಕಾರ ಮಾಡಿದವನೇ ಅಂಕಿ ಒತ್ತುತ್ತಾನೆ, ಸುಳ್ಳಾದರೆ ಅವನೇ ಹೊಣೆ. ಅದನ್ನು ನಂಬಿಕೊಂಡೇ ಇಲ್ಲಿನ ಜನ ಲಕೋಟೆ ಕೊಟ್ಟು ಹೋಗುತ್ತಾರೆ.

ನನ್ನ ಸರಕ್ಕೆ ಬೆಸುಗೆಯನ್ನೇ ಹಾಕಿರಲಿಲ್ಲ. ಲೇಸರ್ ಕೆಲಸ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ಆರ್ಗಾನ್ ಅನಿಲ ಬಿಟ್ಟುಕೊಂಡು, 916ರ ತಂತಿಯನ್ನೇ ಚುಕ್ಕೆ ಚುಕ್ಕೆಯಾಗಿ ಕರಗಿಸಿ ಕೂಡಿಸುತ್ತಾರೆ. ಪಕ್ಕದ ಕೊಂಡಿಗೆ ಬಿಸಿ ತಟ್ಟುವುದೇ ಇಲ್ಲ ಅನ್ನಬಹುದು. ಯಾವ ತಂತಿ, ಎಷ್ಟು ತೂಕ, ಎಲ್ಲಾ ಚೀಟಿಯಲ್ಲಿ ಬರೆದಿದ್ದರು.

ಬೆಂಗಳೂರಿನ ನಗರ್ತಪೇಟೆ ಕಡೆ ಅಕ್ಕಸಾಲಿಗರ ಅಂಗಡಿ ಮುಂದಿನ ಚರಂಡಿ ಮಣ್ಣು ತೊಳೆದು ಚಿನ್ನ ಹುಡುಕುವವರನ್ನು ನೀವೂ ನೋಡಿರಬಹುದು. ನಮ್ಮ ಮನೆಯ ಹಳೇ ಕೊಂಡಿಗಳೂ ಅಂಥ ಯಾವುದೋ ಮಣ್ಣು ಸೇರಿರಬೇಕು. ಪಾಪ, ತೊಳೆಯುವವರಿಗಾದರೂ ಸಿಗಲಿ. ನನಗೆ ಬೇಜಾರಿರುವುದು ದೊಡ್ಡ ಶೋರೂಮುಗಳ ಮೇಲೆ. ಕಳೆದ ಸಲ ಊರಿಗೆ ಹೋದಾಗ ಅಕ್ಕನ ಚೈನು ತಗೊಂಡು ಅಂಥದ್ದೊಂದಕ್ಕೆ ಹೋಗಿದ್ದೆವು. ಸವೆದಿದ್ದು ಹುಕ್ಕಿನ ಒಂದು ರಿಂಗು. ಅದಕ್ಕೆ ಆ ಹುಡುಗ, 'ರಿಪೇರಿ ಯಾಕೆ ಸಾರ್, ಎಕ್ಸ್‌ಚೇಂಜ್ ಮಾಡಿಬಿಡಿ' ಅಂದ. ಇಡೀ ಚೈನು ಕರಗಿಸಬೇಕಂತೆ! ಮತ್ತೆ ಮಜೂರಿ, ಮತ್ತೆ ವೇಸ್ಟೇಜು. ಅಕ್ಕ ಒಂದು ಕ್ಷಣ ಆಸೆಪಟ್ಟಿದ್ದೂ ನಿಜ.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. ಫೋರ್ಟ್ಸ್‌ಹೈಮ್‌ನವರು ಚೀಟಿಯಲ್ಲಿ ಬರೆದುಕೊಂಡಿದ್ದು ಹುಕ್ಕಿನ ಪಕ್ಕದ ಎರಡು ಕೊಂಡಿ. ಎರಡನ್ನೇ ಮಾಡಿದರು. ಪದಕ ನೇತಾಡುವ ಜಾಗದ ಕೊಂಡಿಯೂ ಸವೆದಿತ್ತು. ಅದು ಚೀಟಿಯಲ್ಲಿ ಇರಲಿಲ್ಲ, ಹಾಗಾಗಿ ಯಾರೂ ಮುಟ್ಟಲಿಲ್ಲ. ಸ್ವಲ್ಪ ದಿನಕ್ಕೆ ಅದೂ ಕಿತ್ತಿತು. ಮತ್ತೆ ಲಕೋಟೆ, ಮತ್ತೆ ಮೂರು ವಾರ.

ನಮ್ಮ ಆಚಾರ್ರಾಗಿದ್ದರೆ ಸರವನ್ನು ಎರಡು ಬೆರಳ ನಡುವೆ ಎಳೆದುಕೊಂಡು ಹೋಗುತ್ತಿದ್ದರು. 'ಇಲ್ನೋಡಿ, ಇದೂ ಹೋಗೋದ್ರಲ್ಲಿದೆ' ಅನ್ನುತ್ತಿದ್ದರು. ಮಗು ಎಳೆಯುತ್ತಾ, ಮಲಗುವಾಗ ತೆಗೆದಿಡುತ್ತೀರಾ ಇಲ್ವಾ ಅಂತ ವಿಚಾರಿಸುತ್ತಿದ್ದರು. ಕೇಳದೇ ಅದನ್ನೂ ಸರಿ ಮಾಡಿ, ಹುಕ್ಕು ಒತ್ತಿ ಬಿಗಿ ಮಾಡಿ, ಅದಕ್ಕೆ ಬೇರೆ ದುಡ್ಡು ಯಾಕೆ ಅನ್ನುತ್ತಿದ್ದರು. ನಾವು ಕಾವಲು ಕೂತಿದ್ದು ಅನುಮಾನಕ್ಕೇ ಇರಬಹುದು, ಆದರೆ ಈ ಮಾತುಕತೆ ಆಗುತ್ತಿದ್ದುದೂ ಅದೇ ಬೆಂಚಿನ ಮೇಲೆ. ಲಕೋಟೆಯ ಜೊತೆ ಇದನ್ನೆಲ್ಲ ಯಾರು ಮಾತಾಡುತ್ತಾರೆ?

ಈಗ ಹೆಂಡತಿಯ ಕರಿಮಣಿ ಸರದ ಹುಕ್ಕೂ ಸಡಿಲವಾಗಿದೆ. ಇಲ್ಲೇ ಕೊಡೋಣ, ಲೇಸರಿನಲ್ಲಿ ನೀಟಾಗಿ ಮಾಡುತ್ತಾರೆ ಅಂದೆ. ಮೂರು ವಾರ ಏನು ಹಾಕ್ಕೊಳ್ಳಲಿ ಅಂದಳು. ಅರಿಶಿನದ ದಾರ ಕಟ್ಟಿಕೋ ಅಂದರೆ, 'ಅತ್ತೆ ವಿಡಿಯೋ ಕಾಲ್ ಮಾಡಿದಾಗ ನೀವೇ ಹೇಳಿ' ಅಂದಳು. ಅಲ್ಲಿಗೆ ಮಾತು ಮುಗಿಯಿತು. ಡಿಸೆಂಬರ್ ರಜೆಗೆ ಊರಿಗೆ ಹೋದಾಗಲೇ ಮಾಡಿಸುವುದು. ಎಷ್ಟು ದಿನ ಬೇಕಾಗುತ್ತೆ ಅಂತ ಆಚಾರ್ರಿಗೆ ಫೋನ್ ಮಾಡಿದೆ, ಇಲ್ಲಿನ ಅಭ್ಯಾಸ ನೋಡಿ. ಅವರು ನಕ್ಕುಬಿಟ್ಟರು. 'ದಿನ ಯಾಕೆ ಮಾರಾಯ್ರೆ? ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡಿಯೋದ್ರೊಳಗೆ ಮಾಡಿಕೊಡ್ತೇನೆ' ಅಂದರು.