ಪಿನ್ ಹಾಕೋದು ದುಡ್ಡು ಕೊಡುವಾಗ ಮಾತ್ರ

ಕ್ಯೂಆರ್ ಕೋಡ್ ಕಳಿಸಿ ಮೋಸ ಮಾಡುವವರ ಬಗ್ಗೆ ನೀವು ಲೇಖನ ಬರೆದದ್ದು ಒಳ್ಳೆಯದಾಯಿತು. ಡೊಂಬಿವಲಿಯ ನಮ್ಮ ಮನೆಯಲ್ಲೇ ಹೋದ ತಿಂಗಳು ಇದು ನಡೆಯಿತು. ಹಳೇ ಕಬ್ಬಿಣದ ಕಪಾಟು ಮಾರಲು ಆನ್‌ಲೈನಿನಲ್ಲಿ ಫೋಟೋ ಹಾಕಿದ್ದೆವು. ಹತ್ತೇ ನಿಮಿಷಕ್ಕೆ ಫೋನು. ಚೌಕಾಸಿಯೇ ಇಲ್ಲ! ಮುಂಬೈ ಕಡೆ ಚೌಕಾಸಿ ಮಾಡದ ಗಿರಾಕಿ ಅಂದರೆ ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ತಾನು ಮಿಲಿಟರಿಯವನು, ವರ್ಗವಾಗಿದೆ ಅಂದ. ವಾಟ್ಸಾಪಿಗೆ ಕೋಡ್ ಕಳಿಸಿ, 'ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ' ಅಂತ ಹಿಂದಿಯಲ್ಲಿ ಒಂದೇ ಸಮನೆ ಅವಸರ ಮಾಡಿದ. ನಮ್ಮವರು ಎರಡು ಅಂಕಿ ಒತ್ತಿಯೂ ಆಗಿತ್ತು. ಅಡುಗೆಮನೆಯಿಂದ ಅತ್ತೆ, 'ದುಡ್ಡು ಕೊಡೋನು ಅವನು, ಬೀಗ ತೆಗೆಯೋದು ನೀನ್ಯಾಕೋ?' ಅಂದರು. ಅಷ್ಟಕ್ಕೇ ಇವರ ಬೆರಳು ನಿಂತಿತು.

ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡವೇ ಬೇಡ. ಲೇಖನದಲ್ಲಿ ಒಂದು ಬಿಟ್ಟುಹೋಗಿದೆ: ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಸಾಧ್ಯ. ನಾಚಿಕೆಪಟ್ಟು ಎರಡು ದಿನ ಸುಮ್ನೆ ಕೂತರೆ ಕಷ್ಟ ಜಾಸ್ತಿ.

ಕಪಾಟು ಕೊನೆಗೆ ಭಂಗಾರವಾಲಾನ, ಅಂದರೆ ಗುಜರಿಯವನ, ಪಾಲಾಯಿತು. ಗಂಟೆಗಟ್ಟಲೆ ಚೌಕಾಸಿ ಮಾಡಿದ, ನೋಟು ಎಣಿಸಿ ಕೊಟ್ಟ.