ಸಿಂಗ್ಯುಲಾರಿಟಿ ಹೋಯಿತು ಸರಿ, ಕೋಲು ಉಳಿಯಿತಾ?

ಕಪ್ಪುಕುಳಿಯೊಳಗೆ (ಬ್ಲ್ಯಾಕ್ ಹೋಲ್) ಸಿಂಗ್ಯುಲಾರಿಟಿ ಇಲ್ಲವೇ ಇಲ್ಲ, ಐನ್‌ಸ್ಟೈನ್ ತಪ್ಪು ಅನ್ನೋ ವಿಡಿಯೊ ಮತ್ತೆ ಬಂದಿದೆ. ಈ ಸಲ ಕಳಿಸಿದ್ದು ನಮ್ಮ ಭಾವ. ಕೆಳಗೆ "ಮುಗೀತಲ್ಲೋ ನಿಮ್ಮ ಐನ್‌ಸ್ಟೈನ್ ಕಥೆ" ಅಂತ ಒಂದು ಸಾಲು, ಮೂರು ನಗುಮುಖ. ಭಾವ, ವಾಟ್ಸಾಪಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಇದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿಂಗ್ಯುಲಾರಿಟಿ ಅಂದರೆ ಕಪ್ಪುಕುಳಿಯ ನಡುವೆ ಕೂತಿರುವ ಯಾವುದೋ ಗುಂಡು ಅಲ್ಲ. ಅಲ್ಲಿ ಸಾಂದ್ರತೆ ಎಷ್ಟು ಅಂತ ಕೇಳಿದರೆ ಐನ್‌ಸ್ಟೈನ್‌ರ ಗುರುತ್ವದ ಸಮೀಕರಣ 'ಅನಂತ' ಅಂದು ಕೈಚೆಲ್ಲುತ್ತದೆ, ಅಷ್ಟೇ. ಹಾಗಾಗಿ ಅದನ್ನು ತೆಗೆಯಲು ಹೊರಟವರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ 'ತೆಗೆದೇಬಿಟ್ಟೆವು' ಅಂದವರನ್ನು ನಾನು ಒಂದೇ ಮಾತು ಕೇಳುತ್ತೇನೆ. ಕುಸಿತ ನಿಲ್ಲಬೇಕಾದರೆ ಏನೋ ಒಂದು ತಳ್ಳಬೇಕು, ಹಾಗಾದರೆ ಸೆಳೆಯುವ ಗುರುತ್ವ ಎಲ್ಲಿ, ಯಾಕೆ ತಳ್ಳೋಕೆ ಶುರು ಮಾಡಿತು?

ಈ ಪ್ರಶ್ನೆ ನನ್ನ ಸ್ವಂತದ್ದಲ್ಲ. ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿಯವರ 1955ರ ಸಮೀಕರಣದಿಂದ ಹುಟ್ಟುವಂಥದ್ದು. ಅದಕ್ಕೂ ಮೊದಲು ಭೌತವಿಜ್ಞಾನಿಗಳಿಗೆ ಒಂದು ಆಸೆ ಇತ್ತು. ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಅಂದುಕೊಂಡು ಲೆಕ್ಕ ಮಾಡಿದ್ದಕ್ಕೇ ಎಲ್ಲವೂ ಒಂದೇ ಬಿಂದುವಿಗೆ ಬಂದು ಬೀಳುತ್ತಿದೆ, ಸ್ವಲ್ಪ ಸೊಟ್ಟಗಿದ್ದರೆ ಬಚಾವ್ ಅಂತ. ರಾಯಚೌಧುರಿ ಆ ಊಹೆಯನ್ನೇ ಬಿಟ್ಟು ನೋಡಿದರು. ಜೊತೆಜೊತೆಗೆ ಹೊರಟ ಕಣಗಳ ದಾರಿಗಳನ್ನು ದ್ರವ್ಯ ಹತ್ತಿರಕ್ಕೆ ಎಳೆಯುತ್ತಲೇ ಹೋಗುತ್ತದೆ, ಸೊಟ್ಟಗಾದರೆ ಇನ್ನೂ ಜಾಸ್ತಿ ಎಳೆಯುತ್ತದೆ, ಗಿರಗಿರ ಸುತ್ತುವಿಕೆ ಮಾತ್ರ ಸ್ವಲ್ಪ ಬಿಡಿಸುತ್ತದೆ. 1965ರಲ್ಲಿ ಬ್ರಿಟನ್ನಿನ ರೋಜರ್ ಪೆನ್‌ರೋಸ್ ಇದೇ ಜಾಡಿನಲ್ಲಿ, ಗುರುತ್ವ ಬರೀ ಸೆಳೆಯುವುದಾದರೆ ಒಂದು ಹಂತ ದಾಟಿದ ಕುಸಿತ ಸಿಂಗ್ಯುಲಾರಿಟಿಯಲ್ಲೇ ಮುಗಿಯುತ್ತದೆ ಅನ್ನೋ ಪ್ರಮೇಯ ಕೊಟ್ಟರು, 2020ರಲ್ಲಿ ನೊಬೆಲ್ ಬಂತು. ರಾಯಚೌಧುರಿ 2005ರಲ್ಲೇ ತೀರಿಕೊಂಡಿದ್ದರು.

ಹಾವು ಸಾಯಬೇಕು, ಕೋಲು ಮುರಿಯಬಾರದು: ಸಿಂಗ್ಯುಲಾರಿಟಿ ಹೋಗಬೇಕು, ನಮಗೆ ಗೊತ್ತಿರುವ ಭೌತವಿಜ್ಞಾನ ಉಳಿಯಬೇಕು. ಕಷ್ಟ ಇರುವುದೇ ಅಲ್ಲಿ.

1964ರಲ್ಲಿ ಬ್ರಿಟನ್ನಿನ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಮತ್ತು ನಮ್ಮ ಜಯಂತ ನಾರ್ಳೀಕರ್ ಸಿಂಗ್ಯುಲಾರಿಟಿ ತಪ್ಪಿಸಲು ಋಣ ಶಕ್ತಿಯ ಒಂದು ಕ್ಷೇತ್ರವನ್ನೇ ತಂದು ಸೇರಿಸಿದರು. ಸಿಂಗ್ಯುಲಾರಿಟಿ ಹೋಯಿತು. ಆದರೆ ಆ ಕ್ಷೇತ್ರವನ್ನು ಇವತ್ತಿನವರೆಗೂ ಯಾರೂ ಕಂಡಿಲ್ಲ. ನನಗೆ ಇಷ್ಟವಾದದ್ದು ಐನ್‌ಸ್ಟೈನ್-ಕಾರ್ಟಾನ್ ಸಿದ್ಧಾಂತ. ಅದು ಹೊಸದಾಗಿ ಏನನ್ನೂ ಕರೆತರುವುದಿಲ್ಲ, ಎಲೆಕ್ಟ್ರಾನಿಗೆ ಮೊದಲೇ ಇರುವ ಸ್ಪಿನ್ (ಬುಗುರಿ ತಿರುಗುವ ಹಾಗಿನ ಒಂದು ಹುಟ್ಟುಗುಣ) ದೇಶಕಾಲವನ್ನು, ಅಂದರೆ ಜಾಗ ಮತ್ತು ಕಾಲ ಸೇರಿದ ಹೆಣಿಗೆಯನ್ನು, ಒಂಚೂರು ತಿರುಚುತ್ತದೆ ಅನ್ನುತ್ತದೆ. ಆ ತಿರುಚು ವಿಪರೀತ ಸಾಂದ್ರತೆಯಲ್ಲಿ ತಳ್ಳುವ ಬಲವಾಗಬಹುದು ಅಂತ 1973ರಲ್ಲಿ ಪೋಲೆಂಡಿನ ಭೌತವಿಜ್ಞಾನಿ ಟ್ರಾಟ್‌ಮನ್ ತೋರಿಸಿದರು. ತೊಂದರೆ ಏನಪ್ಪಾ ಅಂದರೆ, ಪರಮಾಣುವಿನ ಬೀಜದ ಸಾಂದ್ರತೆಯೂ ಅದರ ಮುಂದೆ ಏನೇನೂ ಅಲ್ಲ. ಎಲ್ಲಿ ಹೋಗಿ ಪರೀಕ್ಷೆ ಮಾಡುತ್ತೀರಿ?

ಇನ್ನು ಭಾವನ ವಿಡಿಯೊ. ಅದರ ಹಿಂದಿರುವುದು ಬುಯೆನೊ, ಕಾನೊ, ಹೆನಿಗಾರ್ ಅನ್ನೋ ಮೂವರು ಭೌತವಿಜ್ಞಾನಿಗಳು 2024ರಲ್ಲಿ ಮಾಡಿದ ಕೆಲಸ. ಐನ್‌ಸ್ಟೈನ್ ಸಮೀಕರಣಕ್ಕೆ ವಕ್ರತೆಯ (ದೇಶಕಾಲ ಎಷ್ಟು ಬಾಗಿದೆ ಅನ್ನೋದರ) ಗಣಿತ ಪದಗಳನ್ನು ಒಂದರ ಮೇಲೊಂದು, ಕೊನೆಯೇ ಇಲ್ಲದಂತೆ ಸೇರಿಸುತ್ತಾ ಹೋದರೆ ನಡುವಿನ ಅನಂತ ಕರಗಿಹೋಗುತ್ತದೆ. ವಿಚಿತ್ರ ದ್ರವ್ಯ ಏನೂ ಬೇಡ, ಬರೀ ಗುರುತ್ವ ಸಾಕು. ಓದಿದಾಗ ನಿಜವಾಗಲೂ ಖುಷಿಯಾಯಿತು! ಆದರೆ ಆ ಲೆಕ್ಕ ನಡೆಯುವುದು ಐದು ಅಥವಾ ಅದಕ್ಕಿಂತ ಜಾಸ್ತಿ ಆಯಾಮಗಳಲ್ಲಿ. ನಾವಿರುವುದು ಕಾಲವನ್ನೂ ಸೇರಿಸಿ ನಾಲ್ಕರಲ್ಲಿ. ಬರೆದವರು ಇದನ್ನು ಮುಚ್ಚಿಟ್ಟಿಲ್ಲ, ವಿಡಿಯೊ ಮಾಡಿದವರು ಹನ್ನೆರಡು ನಿಮಿಷದಲ್ಲಿ ಒಂದು ಸಲವೂ ಹೇಳಿಲ್ಲ. ಅಷ್ಟೇ ಅಲ್ಲ, ಇಂಥ ಸಿಂಗ್ಯುಲಾರಿಟಿ ಇಲ್ಲದ ಕಪ್ಪುಕುಳಿಗಳಿಗೆ ಸಾಮಾನ್ಯವಾಗಿ ಹೊರಗಿನ ದಿಗಂತದ (ದಾಟಿದರೆ ಬೆಳಕೂ ವಾಪಸ್ ಬಾರದ ಗಡಿ) ಜೊತೆಗೆ ಒಳಗೊಂದು ಎರಡನೇ ದಿಗಂತ ಇರುತ್ತದೆ, ಅಲ್ಲಿ ಸಣ್ಣ ಅಲುಗಾಟವೂ ಬೆಳೆದು ಬೆಟ್ಟವಾಗುವ ಅಪಾಯ ಇದೆ.

ಒಳಗೆ ಇಣುಕಿ ನೋಡಿಬಿಡೋಣ ಅಂದರೆ ಅದೂ ಆಗಲ್ಲ. ಕಪ್ಪುಕುಳಿಯನ್ನು ತಟ್ಟಿದರೆ ಗಂಟೆಯ ಹಾಗೆ ಮೊಳಗಿ ಅಡಗುತ್ತದೆ ಅಂತ 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. 2015ರಲ್ಲಿ ಗುರುತ್ವದ ಅಲೆ ಮೊದಲ ಸಲ ಸಿಕ್ಕಾಗ ಅವರು ಇನ್ನೂ ಇದ್ದರು, ಅದೊಂದು ಸಮಾಧಾನ. ಆದರೆ ಆ ಮೊಳಗು ಹೊರಡುವುದು ದಿಗಂತದ ಹೊರಗಿನಿಂದ, ಒಳಗಿನ ಸುದ್ದಿ ಅದರಲ್ಲಿ ನೇರವಾಗಿ ಸಿಗಲ್ಲ. ತಿದ್ದಿದ ಸಿದ್ಧಾಂತ ಹೊರಗಿನ ಸ್ವರವನ್ನೂ ಒಂಚೂರು ಬದಲಿಸಿದರೆ ಹಿಡಿಯಬಹುದು. 2025ರ ಜನವರಿ 14ರಂದು ಬಂದ ತುಂಬಾ ಸ್ಪಷ್ಟವಾದ ಅಲೆಯಲ್ಲಿ ಕನಿಷ್ಠ ಎರಡು ಸ್ವರ ಸಿಕ್ಕವು, ಎರಡೂ ಐನ್‌ಸ್ಟೈನ್ ಲೆಕ್ಕಕ್ಕೇ ಹೊಂದಿಕೊಂಡವು.

ಭಾವ, ಐದನೇ ಆಯಾಮ ಸಿಕ್ಕ ದಿನ ಅದೇ ವಿಡಿಯೊ ಇನ್ನೊಂದು ಸಲ ಕಳಿಸಿ. ಕಾಫಿ ನನ್ನ ಲೆಕ್ಕಕ್ಕೆ.